ಜಗಲಿ ಮುಚ್ಚಿದ ಮಳೆಗಾಲ

ಕಳೆದ ತಿಂಗಳು ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಗೂಡ್ಸ್ ರಿಕ್ಷಾದಿಂದ ಗೋಣಿಗಳನ್ನು ಇಳಿಸುತ್ತಿದ್ದರು. ಒಂದು ಗೋಣಿಯ ಹೊಲಿಗೆ ಬಿಚ್ಚಿ, ಹೊಗೆಸೊಪ್ಪಿನ ಹುಡಿ ಒದ್ದೆ ನೆಲಕ್ಕೆ ಚೆಲ್ಲಿತ್ತು. ತರಕಾರಿ ಚೀಲ ಹಿಡಿದು ಅದನ್ನು ದಾಟಿದವನು ನಾಲ್ಕು ಸಲ ಸೀನಿ, ಒಂದು ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತೆ. ಸೀನು ನಿಂತ ಮೇಲೂ ಏಳಲಿಲ್ಲ. ನನ್ನ ಹೆಂಡತಿ ವಾರಿಜ ನಲವತ್ತು ವರ್ಷ ಬೀಡಿ ಕಟ್ಟಿದವಳು. ಆ ವಾಸನೆ ನಮ್ಮ ಮನೆಯ ಗೋಡೆಗೆ, ಹಾಸಿಗೆಗೆ, ಅವಳ ಸೀರೆಯ ಸೆರಗಿಗೆ ಹತ್ತಿತ್ತು. ಅದಿಲ್ಲದೆ ನಾವು ಕಳೆದದ್ದು ಒಂದೇ ಒಂದು ಮಳೆಗಾಲ. ಅದರ ಬಗ್ಗೆ ಬರೆಯಬೇಕೆಂದು ಆ ಮೆಟ್ಟಿಲಿನ ಮೇಲೆಯೇ ತೋರಿತು.

ಅದು ಕೊರೋನಾ ಬಂದ ವರ್ಷದ ಮಳೆಗಾಲ. ಆ ವರ್ಷದ ಬಗ್ಗೆ ಈಗ ಎಲ್ಲರ ಬಾಯಲ್ಲೂ ಒಂದೇ ಕಥೆ ಇದೆ. ಹಿರಿಯರ ಒಂದು ಸಭೆಯಲ್ಲಿ ಮಾತನಾಡಲು ಬಂದವರು, ಮರೆವಿನ ಕಾಯಿಲೆಯವರು ಮನೆಯೊಳಗೆ ಸಿಕ್ಕಿಬಿದ್ದದ್ದರಿಂದ ಬೇಗ ಕುಸಿದರು, ನೋಡಿಕೊಳ್ಳುವವರೂ ಅವರೊಂದಿಗೆ ಕುಸಿದರು, ಇದೆಲ್ಲ ಲಾಕ್‌ಡೌನಿನ ಫಲ ಎಂದರು. ಸಭೆ ತಲೆಯಾಡಿಸಿತು. ನಾನು ಆಡಿಸಲಿಲ್ಲ. ಅವರು ಸುಳ್ಳು ಹೇಳಿದರೆಂದಲ್ಲ. ಅವರು ಹೇಳಿದ್ದು ನನ್ನ ಮನೆಯ ಮಟ್ಟಿಗೆ ಅರ್ಧ ಮಾತ್ರ ನಿಜವಾಗಿತ್ತು, ಮತ್ತು ಉಳಿದರ್ಧವನ್ನು ಆ ಸಭೆಯಲ್ಲಿ ಎದ್ದು ನಿಂತು ಹೇಳುವ ಧೈರ್ಯ ನನಗಿರಲಿಲ್ಲ.

ನಾನು ಐದನೆಯ ತರಗತಿಯವರೆಗೆ ಓದಿದವನು. ಪಂಪ್‌ವೆಲ್ಲಿನ ಹತ್ತಿರ ನನಗೊಂದು ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಇಂಗ್ಲಿಷನ್ನು ಪಂಪುಗಳ ಜೊತೆ ಬರುವ ಪುಸ್ತಿಕೆಗಳಿಂದ ಕಲಿತೆ. ಉಳಿದದ್ದನ್ನು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತಿದ್ದ ಪುಸ್ತಕಗಳಿಂದ. ಸುಟ್ಟ ಮೋಟಾರು ತರುವವರು ಯಾವಾಗಲೂ "ವೋಲ್ಟೇಜ್ ಹೆಚ್ಚು ಬಂತು" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಎಷ್ಟೋ ಸಲ ವರ್ಷಗಟ್ಟಲೆ ಎಣ್ಣೆ ಕಾಣದ ಬೇರಿಂಗ್ ಬಿಗಿದಿರುತ್ತಿತ್ತು. ಹೊರಗಿನಿಂದ ಬಂದದ್ದರ ಮೇಲೆ ತಪ್ಪು ಹೊರಿಸುವುದು ಸುಲಭ. ಹಾಗಾಗಿ ಯಾರ ಮಾತನ್ನೂ ಬಿಚ್ಚಿ ನೋಡದೆ ಒಪ್ಪುವ ಅಭ್ಯಾಸ ನನಗಿಲ್ಲ. ಈ ಅಭ್ಯಾಸವನ್ನು ನನ್ನ ಮೇಲೆಯೇ ಪ್ರಯೋಗಿಸಲು ಮಾತ್ರ ಬಹಳ ತಡವಾಯಿತು.

ಕೊರೋನಾಕ್ಕಿಂತ ಎರಡು ವರ್ಷ ಮೊದಲು ಅತ್ತಾವರದ ಆಸ್ಪತ್ರೆಯೊಂದರಲ್ಲಿ ವಾರಿಜಳನ್ನು ತೋರಿಸಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಗಡಿಯಾರ ಬರೆಯಲು ಹೇಳಿದರು. ವಾರಿಜ ವೃತ್ತ ಬರೆದು, ಒಳಗೆ ಏನೂ ಬರೆಯದೆ, ಕಾಗದವನ್ನು ನಾಲ್ಕಾಗಿ ಮಡಿಸಿ ಅವರಿಗೇ ಕೊಟ್ಟಳು. ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ನಿಧಾನವಾಗಿ ಮುಂದೆಯೇ ಹೋಗುತ್ತದೆ ಎಂದರು. ನಾನು ಒಪ್ಪಲಿಲ್ಲ. ಮರೆವಿನವಳಾದರೆ ದಿನವಿಡೀ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವುದು ಹೇಗೆ? ಸಂಜೆ ನಾನು ಅಂಗಡಿಯಿಂದ ಬರುವಾಗ ಅವಳ ತಡ್ಪೆಯಲ್ಲಿ, ಅಂದರೆ ಬೀಡಿ ಕಟ್ಟುವವರು ಮಡಿಲಲ್ಲಿ ಇಟ್ಟುಕೊಳ್ಳುವ ಮೊರದಲ್ಲಿ, ಒಂದೇ ಅಳತೆಯ ಬೀಡಿಗಳ ರಾಶಿ ಇರುತ್ತಿತ್ತು. ನನ್ನನ್ನು ಕಂಡು "ಬಂದ್ರಾ?" ಎನ್ನುತ್ತಿದ್ದಳು. ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುವುದನ್ನು ಬಿಟ್ಟರೆ ನನಗೆ ದೊಡ್ಡ ದೋಷ ಕಾಣಲಿಲ್ಲ.

ಜಗಲಿಯಲ್ಲಿ ಅವಳ ಜೊತೆ ಇಬ್ಬರಿದ್ದರು. ಪಕ್ಕದ ಮನೆಯ ಲಿಲ್ಲಿಬಾಯಿ, ಕೊಂಕಣಿ ಮಾತಿನ ಕ್ರಿಸ್ತುವರು, ಗಂಡ ತೀರಿಕೊಂಡ ಮೇಲೆ ಬೀಡಿಯಲ್ಲೇ ಮನೆ ನಡೆಸಿದವರು. ಇನ್ನೊಬ್ಬರು ಹಿಂದಿನ ಓಣಿಯ ಅವ್ವಮ್ಮ, ಬ್ಯಾರಿ ಮುಸ್ಲಿಮರ ಮನೆಯವರು. ಮೂವರೂ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮೂರಡಿ ಅಗಲದ ಜಗಲಿಗೆ ಬಂದು ಗೋಡೆಗೆ ಒರಗಿದರೆ ಸಂಜೆ ಐದರವರೆಗೆ ಕತ್ತರಿಯ ಸದ್ದು, ಮೂರು ಭಾಷೆಗಳ ಹರಟೆ. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ ಮತ್ತು ಹುಡಿ ತರುವುದು, ಕಟ್ಟಿದ್ದನ್ನು ಒಯ್ದು ಕೊಡುವುದು ಲಿಲ್ಲಿಬಾಯಿಯ ಕೆಲಸ. ಮನೆಯ ಯಜಮಾನ ನಾನು, ರೋಗಿಯನ್ನು ನೋಡಿಕೊಳ್ಳುವವನು ನಾನು ಎಂದು ನನ್ನ ಎಣಿಕೆ. ಆ ಇಬ್ಬರು ಹೆಂಗಸರು ನನ್ನ ಲೆಕ್ಕದಲ್ಲಿ ಬರೇ ಹರಟೆಯವರು.

ಮಾರ್ಚಿನಲ್ಲಿ ಎಲ್ಲವೂ ನಿಂತಿತು. ಬ್ರಾಂಚು ಮುಚ್ಚಿತು, ನನ್ನ ಅಂಗಡಿ ಮುಚ್ಚಿತು. ಎಪ್ಪತ್ತು ದಾಟಿದವನಿಗೆ ಅದನ್ನು ಮತ್ತೆ ತೆರೆಯುವ ಹುರುಪೂ ಬರಲಿಲ್ಲ. ಮೊದಲ ಎರಡು ತಿಂಗಳು ವಾರಿಜ ಬೆಳಿಗ್ಗೆ ಒಂಬತ್ತಕ್ಕೆ ಜಗಲಿಗೆ ಹೋಗಿ ಕಾಲು ಚಾಚಿ ಕುಳಿತುಕೊಳ್ಳುವಳು. ಮಡಿಲು ಖಾಲಿ. "ಇವತ್ತು ಯಾರೂ ಬರ್ಲಿಲ್ಲ?" "ಇಲ್ಲ." "ಯಾಕೆ?" "ಕೊರೋನಾ." "ಅವನು ಯಾರು?" ದಿನಕ್ಕೆ ಇಪ್ಪತ್ತು ಸಲ ಈ ಮಾತು. ಹತ್ತನೆಯ ಸಲದವರೆಗೆ ನಾನು ಮನುಷ್ಯನಂತೆ ಉತ್ತರಿಸುತ್ತಿದ್ದೆ.

ಜೂನಿನಲ್ಲಿ ಬ್ರಾಂಚು ತೆರೆಯಿತು. ಮೊದಲ ಮಳೆಯ ವಾರ. ಜಗಲಿಗೆ ಎರಚಲು ಬಾರದ ಹಾಗೆ ಟರ್ಪಾಲು ಕಟ್ಟಿದೆ. ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು ಲಿಲ್ಲಿಬಾಯಿ, ಅವ್ವಮ್ಮ ಇಬ್ಬರೂ ಬಂದರು. ವಾರಿಜಳ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಇದನ್ನು ಬರೆಯದಿದ್ದರೆ ಮುಂದೆ ಬರೆಯುವುದಕ್ಕೆ ಅರ್ಥವಿಲ್ಲ. ಒಂದು ಗಂಟೆ ಕಳೆದಿರಬಹುದು. ನಾನು ಬಾಗಿಲ ಬಳಿ ಕುರ್ಚಿ ಹಾಕಿ ಪೇಪರು ಓದುತ್ತಿದ್ದೆ. ವಾರಿಜ ನನ್ನತ್ತ ಬೆರಳು ತೋರಿಸಿದಳು.

"ಲಿಲ್ಲಿಬಾಯಿ, ಈ ಗಂಡಸು ಯಾರು? ದಿನಾ ಬಂದು ಇಲ್ಲೇ ಕೂರ್ತಾನೆ. ನಮ್ಮವರು ಅಂಗಡಿಯಿಂದ ಬರುವ ಹೊತ್ತಾಯ್ತು. ಹೋಗ್ಲಿಕ್ಕೆ ಹೇಳು."

ಅವ್ವಮ್ಮ ತಲೆ ತಗ್ಗಿಸಿದರು. ಲಿಲ್ಲಿಬಾಯಿ ಒಂದು ಕ್ಷಣವೂ ತಡೆಯಲಿಲ್ಲ. "ಅಯ್ಯೋ ವಾರಿಜಕ್ಕ, ಇವರು ಕರೆಂಟಿನವರು. ಫ್ಯಾನ್ ರಿಪೇರಿಗೆ ಬಂದದ್ದು. ಈಗ ಹೋಗ್ತಾರೆ" ಎಂದರು. ವಾರಿಜ ಸಮಾಧಾನಗೊಂಡು ಎಲೆಗೆ ಕೈ ಹಾಕಿದಳು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ನನ್ನನ್ನು ನೋಡಿ ನಕ್ಕದ್ದಲ್ಲವೆಂದು ಇಂದು ಬಲ್ಲೆ. ಅಂದು ನನಗೆ ಮೈ ಉರಿಯಿತು. ನಾಲ್ಕು ದಶಕ ಜೊತೆಗಿದ್ದವಳು ಪರರ ಎದುರು ನನ್ನನ್ನು ಅಪರಿಚಿತನೆಂದಳು. ಪರರು ನನ್ನ ಮನೆಯಲ್ಲೇ ನನ್ನನ್ನು ರಿಪೇರಿಯವನನ್ನಾಗಿ ಮಾಡಿದರು.

ಮರುದಿನ ಗೇಟಿಗೆ ಚೈನು ಸುತ್ತಿ ಬೀಗ ಹಾಕಿದೆ. ಲಿಲ್ಲಿಬಾಯಿ ಬಂದಾಗ, "ಕೊರೋನಾ ಹೆಚ್ಚಾಗ್ತಾ ಉಂಟು. ವಯಸ್ಸಾದವರಿಗೆ ಅಪಾಯ. ಇನ್ನು ಬರುದು ಬೇಡ" ಎಂದೆ. ಅವರು ಬೀಗವನ್ನು ನೋಡಿದರು, ನನ್ನನ್ನು ನೋಡಿದರು. "ಸರಿ ಶೀನಣ್ಣ" ಎಂದು ಎಲೆಯ ಕಟ್ಟು ಹೊತ್ತುಕೊಂಡು ಹಿಂದೆ ಹೋದರು.

ಹೇಳಿದ ಮಾತು ಸುಳ್ಳಾಗಿರಲಿಲ್ಲ. ಕಾಯಿಲೆ ಹೆಚ್ಚುತ್ತಲೇ ಇತ್ತು. ಆದರೆ ಬೀಗ ಹಾಕಿದ್ದು ಆ ಕಾರಣಕ್ಕಲ್ಲ. ಸರಕಾರ ಮುಚ್ಚಿದ್ದು ಬೇಸಗೆಯಲ್ಲಿ. ಮಳೆಗಾಲದಲ್ಲಿ ಮುಚ್ಚಿದವನು ನಾನು.

ಜುಲೈ ನಡುವಿನಿಂದ ಆಟಿ ತಿಂಗಳ ಮಳೆ ಹೊಡೆಯಿತು. ವಾರಿಜ ಜಗಲಿಗೆ ಹೋಗುವುದನ್ನು ನಿಲ್ಲಿಸಿದಳು. ಸ್ನಾನಕ್ಕೆ ಕರೆದರೆ ಗೋಡೆ ಹಿಡಿದು ನಿಲ್ಲುವಳು. ಮಾತು ಕಡಿಮೆಯಾಗಿ, "ಮನೆಗೆ ಹೋಗ್ಬೇಕು" ಎಂಬುದೊಂದು ಉಳಿಯಿತು. ಇದೇ ಮನೆ ಎಂದು ನಾನು ವಾದಿಸುತ್ತಿದ್ದೆ. ತೆರಿಗೆ ರಸೀದಿ ತಂದು ತೋರಿಸಿದ್ದೂ ಉಂಟು. ನನ್ನ ಸ್ಥಿತಿಯೂ ಸರಿಯಾಗಿರಲಿಲ್ಲ. ಗಡ್ಡ ತೆಗೆಯುವುದನ್ನು ಬಿಟ್ಟೆ. ಓದಲು ಕುಳಿತರೆ ಒಂದೇ ಸಾಲಿನ ಮೇಲೆ ಕಣ್ಣು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ತಪ್ಪು ನಂಬರಿನಿಂದ ಫೋನು ಬಂತು. ಬಂಟ್ವಾಳದ ಕಡೆಯ ಯಾರೋ ರಬ್ಬರ್ ಶೀಟಿನವರನ್ನು ಹುಡುಕುತ್ತಿದ್ದರು. ನಾನು ಅವರ ಬಾವಿಯ ಪಂಪಿನ ಕುದುರೆಶಕ್ತಿ ಎಷ್ಟು, ಪೈಪು ಎಷ್ಟಿಂಚು ಎಂದೆಲ್ಲ ಕೇಳಿ, ಅವರಾಗಿಯೇ "ಸಾಕು ಮಾರಾಯ್ರೆ, ಕೆಲಸ ಉಂಟು" ಎನ್ನುವವರೆಗೆ ಬಿಡಲಿಲ್ಲ.

ಒಂದು ದಿನ ರೇಷನ್ ಅಂಗಡಿಗೆ ಹೋಗಬೇಕಾಯಿತು. ವಾರಿಜ ಮಳೆಯಲ್ಲಿ ಅಂಗಳಕ್ಕಿಳಿದು ಜಾರಿ ಬಿದ್ದಾಳೆಂದು ಅವಳನ್ನು ಕೋಣೆಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದೆ. ಅರ್ಧ ಗಂಟೆ ಎಂದುಕೊಂಡದ್ದು ಸಾಲಿನಲ್ಲಿ ಎರಡು ಗಂಟೆಯಾಯಿತು. ಬಂದು ತೆರೆದಾಗ ಅವಳು ಬಾಗಿಲಿನ ಹಿಂದೆಯೇ ನೆಲದಲ್ಲಿ ಕುಳಿತಿದ್ದಳು. ಬಾಗಿಲು ಬಡಿದು ಬಡಿದು ಬೆರಳಿನ ಗೆಣ್ಣುಗಳ ಚರ್ಮ ಸುಲಿದಿತ್ತು. ಸೀರೆ ಒದ್ದೆಯಾಗಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ನಾನು ಕೈ ಹಿಡಿದಾಗ ಮುಖಕ್ಕೆ ಅಡ್ಡವಾಗಿ ತೋಳು ತಂದಳು, ಹೊಡೆತ ತಪ್ಪಿಸಿಕೊಳ್ಳುವವರ ಹಾಗೆ. ನಾನು ಎಂದೂ ಅವಳ ಮೇಲೆ ಕೈ ಮಾಡಿದವನಲ್ಲ. ಆದರೆ ಆ ತೋಳಿಗೆ ಅದು ಗೊತ್ತಿರಲಿಲ್ಲ. ಅಂದಿನಿಂದ ಅವಳು ನನ್ನ ಕೈಯಿಂದ ಗಂಜಿ ಕುಡಿಯುವುದನ್ನು ಬಿಟ್ಟಳು. ತಟ್ಟೆ ಇಟ್ಟು ನಾನು ಆಚೆ ಹೋದರೆ ಒಮ್ಮೊಮ್ಮೆ ನಾಲ್ಕು ತುತ್ತು, ಒಮ್ಮೊಮ್ಮೆ ಅದೂ ಇಲ್ಲ. ಕೈಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ನಮಗೆ ಒಬ್ಬಳೇ ಮಗಳು, ಶೈಲ. ಮಸ್ಕತ್ತಿನಲ್ಲಿ ನರ್ಸು. ವಿಮಾನಗಳು ಸರಿಯಾಗಿ ಇರಲಿಲ್ಲ, ಅವಳಿಗೆ ರಜೆಯೂ ಇರಲಿಲ್ಲ. ವಿಡಿಯೋ ಕರೆಯಲ್ಲಿ ತಾಯಿಯ ಕೈ ನೋಡಿದವಳೇ, "ಅಪ್ಪ, ಅಮ್ಮನ ಗೆಣ್ಣಿಗೆ ಎಂತ ಆದದ್ದು?" ಎಂದಳು. ಬಿದ್ದಳು ಎಂದೆ. ಬಿದ್ದ ಗಾಯ ಹೇಗಿರುತ್ತದೆಂದು ನರ್ಸಿಗೆ ಗೊತ್ತಿರುವುದಿಲ್ಲವೇ? ಅವಳು ಗಾಯದ ಮಾತು ಬಿಟ್ಟು, ಊರ ಹೊರಗಿನ ಒಂದು ಆರೈಕೆ ಮನೆಯಲ್ಲಿ ಹೆಸರು ಬರೆಸಿದ್ದೇನೆ ಎಂದಳು. ಒಂದು ಹಾಸಿಗೆ ಖಾಲಿ ಇತ್ತು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಅಂಥ ಮನೆಗಳಿಗೆ ತಮ್ಮವರನ್ನು ಕಳಿಸಿದವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಆ ವರ್ಷ ಒಳಗೆ ಹೋದವರನ್ನು ನೋಡಲು ಹೊರಗಿನವರನ್ನು ಬಿಡುತ್ತಿರಲಿಲ್ಲ. ನನ್ನ ಹೆಸರನ್ನೇ ಮರೆತವಳನ್ನು ಅಲ್ಲಿ ಬಿಟ್ಟರೆ, ಮತ್ತೆ ನೋಡುವಾಗ ಅವಳು ಇರುವಳೋ ಇಲ್ಲವೋ.

"ಸ್ವಲ್ಪ ದಿನ ಕೊಡು" ಎಂದೆ.

"ಎಂತ ಮಾಡ್ತೀರಿ ನೀವು ಒಬ್ರೇ?" ಎಂದಳು. ನನ್ನ ಬಳಿ ಹಟ ಮಾತ್ರ ಇತ್ತು.

ಯೋಚಿಸಿದೆ. ತಲೆ ಮರೆತರೂ ಕೈ ಮರೆಯುವುದಿಲ್ಲವೆಂದು ಎಲ್ಲೋ ಓದಿದ್ದೆ. ಹಾಗಾದರೆ ಕೈಗೆ ಕೆಲಸ ಕೊಟ್ಟು ನೋಡಬೇಕು. ಎರಡು ಮನೆಗಳ ನಡುವಿನ ಪಾಗಾರದ ಗೋಡೆಯಾಚೆ ನಿಂತಿದ್ದ ಲಿಲ್ಲಿಬಾಯಿಯನ್ನು ಕರೆದು ಒಂದು ತಡ್ಪೆ, ಒಂದು ಹಿಡಿ ನೆನೆಸಿದ ಎಲೆ, ಸ್ವಲ್ಪ ಹುಡಿ ಕೇಳಿ ತೆಗೆದುಕೊಂಡೆ. ಅವರು ಏನೂ ಕೇಳದೆ ಕೊಟ್ಟರು. ವಾರಿಜಳನ್ನು ಒಳಕೋಣೆಯಲ್ಲಿ ಕೂರಿಸಿ ಎಲ್ಲವನ್ನೂ ಮಡಿಲಲ್ಲಿಟ್ಟೆ. ಅವಳು ಎಲೆಗಳನ್ನು ಒಂದರ ಮೇಲೊಂದು ಪೇರಿಸಿದಳು, ಕೆಡವಿದಳು. ಹುಡಿಯನ್ನು ನೀರಿನ ಲೋಟಕ್ಕೆ ಸುರಿದಳು. ಒಂದು ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರು ದಿನ ಹೀಗೆಯೇ. ನಾಲ್ಕನೆಯ ದಿನ ತಡ್ಪೆಯನ್ನು ಪಾಗಾರದ ಮೇಲಿಂದ ಹಿಂದೆ ಕೊಟ್ಟೆ.

"ಇಗೊಳ್ಳಿ. ಆಗ್ಲಿಲ್ಲ. ಅವಳ ಕೈಗೂ ಮರೆತು ಹೋಗಿದೆ."

"ಕೈಗೆ ಯಾವಾಗ ನೆನಪಿತ್ತು, ಶೀನಣ್ಣ?" ಎಂದರು ಲಿಲ್ಲಿಬಾಯಿ.

"ಎಂತ ಅಂದ್ರೆ?"

"ಎರಡು ವರ್ಷದಿಂದ ವಾರಿಜಕ್ಕ ಕಟ್ಟಿದ ಒಂದು ಬೀಡಿಯೂ ಬ್ರಾಂಚಿಗೆ ಹೋಗಿಲ್ಲ. ಕಟ್ಟುದು ಅವರು. ಅವರು ಈಚೆ ತಿರುಗಿದಾಗ ನಾನೊಂದು ಬಿಚ್ಚುದು, ಅವ್ವಮ್ಮ ಒಂದು ಬಿಚ್ಚುದು. ಮತ್ತೆ ಕಟ್ಟಿ ಅವರ ತಡ್ಪೆಗೇ ಹಾಕುದು. ಎಲೆ ಹರಿದಿದ್ರೆ ನಮ್ಮ ಎಲೆ."

ಮಳೆ ಸಣ್ಣಗೆ ಹನಿಯುತ್ತಿತ್ತು. ನಾನು ಕೊಡೆ ತೆರೆಯಲು ಮರೆತಿದ್ದೆ.

"ಅವಳಿಗೆ ಗೊತ್ತಾಗದ ಹಾಗೆ?"

"ಅವರಿಗೂ, ನಿಮಗೂ. ಬಾತ್‌ರೂಮಿಗೆ ಕರ್ಕೊಂಡು ಹೋಗುದು ಅವ್ವಮ್ಮ. ಹನ್ನೊಂದಕ್ಕೆ ಗಂಜಿ ಕುಡಿಸುದು ನಾನು. ಅವರ ತಂಗಿ ತೀರಿಕೊಂಡದ್ದು ಮರ್ತು ಕೇಳಿದ್ರೆ, ನಾಳೆ ಬರ್ತಾಳೆ ಅನ್ನುದು ಇಬ್ರೂ. ಸಂಜೆ ನೀವು ಬರುವಾಗ ಸೆರಗು ಸರಿ ಮಾಡಿ, 'ನಿಮ್ಮ ಗಂಡ ಬಂದ್ರು ನೋಡಿ' ಅಂತ ಮೆಲ್ಲ ಹೇಳುದು. ಆಗ ಅವರು 'ಬಂದ್ರಾ' ಅಂತಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ರಾ? ಸುಳ್ಳು ಕೆಲಸ ಯಾಕೆ ಅಂತ ಕೇಳ್ತಿದ್ರಿ. ನಿಮ್ಮದು ಎಲ್ಲವನ್ನೂ ಬಿಚ್ಚಿ ನೋಡುವ ಬುದ್ಧಿ ಅಲ್ವಾ? ನಾವು ಬಿಚ್ಚಿದ್ದು ಮಾತ್ರ ನೀವು ನೋಡ್ಲಿಲ್ಲ."

ಆ ಮಧ್ಯಾಹ್ನವೆಲ್ಲ ನಾನು ಅಡಿಗೆಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಆ ಮಳೆಗಾಲ ವಾರಿಜ ಹೊಸದಾಗಿ ಕಳೆದುಕೊಂಡದ್ದು ಎಷ್ಟು, ಮೊದಲೇ ಕಳೆದುಹೋದದ್ದು ನನಗೆ ಆಗಷ್ಟೇ ಕಂಡದ್ದು ಎಷ್ಟು? ಬೇರ್ಪಡಿಸಲು ನನ್ನಿಂದಾಗಲಿಲ್ಲ, ಇಂದಿಗೂ ಆಗುವುದಿಲ್ಲ. ಭಾಷಣಕಾರರು ಹೇಳುವಷ್ಟು ನೇರವಾಗಿ ಅದನ್ನು ಯಾರೂ ಹೇಳಲಾರರೆಂದೇ ನನ್ನ ಸಂಶಯ. ನನಗೆ ಖಚಿತವಾಗಿದ್ದುದು ಇಷ್ಟೇ: ಜಗಲಿ ಅವಳಿಗೆ ಹೊತ್ತು ಕಳೆಯುವ ಜಾಗವಾಗಿರಲಿಲ್ಲ. ಅವಳನ್ನು ಎರಡು ವರ್ಷ ಮೂರು ಜನ ಹೊತ್ತಿದ್ದರು. ಅವರಲ್ಲಿ ಬಹಳ ಕಡಿಮೆ ಹೊತ್ತವನು ನಾನು. ಅವರಿಬ್ಬರನ್ನು ಹೊರಗೆ ಹಾಕಿ, ಭಾರವೆಲ್ಲ ನನ್ನ ಮೇಲೆ ಬಿದ್ದಾಗ, ಇದು ರೋಗ, ಇದು ಕೊರೋನಾ ಎಂದು ಹೆಸರಿಟ್ಟಿದ್ದೆ.

ಮರುದಿನ ಚೈನು ತೆಗೆದು ಪಕ್ಕದ ಮನೆಗೆ ಹೋದೆ. ಕ್ಷಮೆ ಕೇಳಲು ಹೋದದ್ದು. ಬಾಯಿಗೆ ಬಂದದ್ದು "ಟರ್ಪಾಲು ಹೊಸತು ಕಟ್ಟಿದ್ದೇನೆ" ಎಂಬ ಮಾತು. ಲಿಲ್ಲಿಬಾಯಿ ಅಷ್ಟರಲ್ಲೇ ಅರ್ಥ ಮಾಡಿಕೊಂಡರು. ಆದರೆ ಸುಲಭವಾಗಿ ಬಿಡಲಿಲ್ಲ.

"ಈಗ ನಾವಿಬ್ರು ಸಾಕಾಗುದಿಲ್ಲ, ಶೀನಣ್ಣ. ವಾರಿಜಕ್ಕ ತುಂಬಾ ಇಳ್ದಿದ್ದಾರೆ. ನೀವೂ ಕೂರ್ಬೇಕು."

"ನಾನಾ? ಬೀಡಿಗೆ?"

"ಕುರ್ಚಿಯಲ್ಲಿ ಅಲ್ಲ. ನೆಲದಲ್ಲಿ."

ಫೋನಿನಲ್ಲಿ ಶೈಲ ಗದರಿದಳು. ಹೊಗೆಸೊಪ್ಪಿನ ಹುಡಿ ಶ್ವಾಸಕ್ಕೆ ಕೆಟ್ಟದು, ಜನ ಸೇರುವುದು ಇನ್ನೂ ಕೆಟ್ಟದು ಎಂದಳು. ಎರಡೂ ಸರಿ. ಹುಡಿಯನ್ನು ವಾರಿಜಳಿಂದ ದೂರವಿಟ್ಟು, ಅವಳ ಮಡಿಲಿಗೆ ಎಲೆ ಮತ್ತು ನೂಲು ಮಾತ್ರ ಕೊಡುವುದೆಂದಾಯಿತು. ಎಲ್ಲರಿಗೂ ಮಾಸ್ಕು, ನಡುವೆ ಒಂದು ಕೈ ಅಂತರ. ನಮ್ಮಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ಅದು ಅದೃಷ್ಟ, ನನ್ನ ಜಾಣತನವೆಂದು ಯಾರಿಗೂ ಹೇಳುವುದಿಲ್ಲ.

ಮೊದಲ ಎರಡು ದಿನ ವಾರಿಜ ಸುಮ್ಮನೆ ಕುಳಿತಳು. ಮೂರನೆಯ ದಿನ ಲಿಲ್ಲಿಬಾಯಿ ಅವಳತ್ತ ನೋಡದೆಯೇ ಒಂದು ಎಲೆಯನ್ನು ಅವಳ ಮಡಿಲಿಗೆ ಹಾಕಿ, ಸೊಸೆಯ ಬಗ್ಗೆ ಏನೋ ದೂರು ಹೇಳತೊಡಗಿದರು. ಅವ್ವಮ್ಮ ಸೊಸೆಯ ಪರ ವಹಿಸಿದರು. ಆ ಜಗಳದ ನಡುವೆ ವಾರಿಜಳ ಬೆರಳುಗಳು ಎಲೆಯನ್ನು ಸುರುಳಿ ಸುತ್ತಿದವು, ನೂಲು ಸುತ್ತಿದವು. ಬರೀ ಎಲೆ, ಒಳಗೆ ಏನೂ ಇಲ್ಲ. ಆದರೂ ಬಾಯಿ ಮಡಿಸಿದ ಬೀಡಿ. ಲಿಲ್ಲಿಬಾಯಿ ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದರು. ವಾರಿಜ ಮಳೆಯತ್ತ ತಿರುಗಿದಾಗ ನಾನು ಅದನ್ನು ತೆಗೆದು, ಬಿಚ್ಚಿ, ಹುಡಿ ತುಂಬಿಸಿ ಕಟ್ಟಲು ಹೆಣಗಿದೆ. ಮೋಟಾರಿನ ಆರ್ಮೇಚರಿಗೆ ಸಣ್ಣ ತಂತಿ ಸುತ್ತಿದ ಬೆರಳುಗಳು ಒಂದು ಎಲೆಗೆ ಸೋತವು.

ಅವ್ವಮ್ಮ ನನ್ನ ಬೀಡಿಯನ್ನು ಎತ್ತಿ ಹಿಡಿದು, "ಶೀನಣ್ಣ, ಇದನ್ನು ಸೇದ್ಲಿಕ್ಕೆ ಇಬ್ರು ಬೇಕು" ಎಂದರು. ಲಿಲ್ಲಿಬಾಯಿ ನಕ್ಕು ಕೆಮ್ಮಿದರು. ವಾರಿಜಳೂ ನಕ್ಕಳು, ಏಕೆಂದು ತಿಳಿಯದೆ, ಜೊತೆಯವರು ನಕ್ಕರೆಂದು. ಅಂದು ಹನ್ನೊಂದು ಗಂಟೆಗೆ ಲಿಲ್ಲಿಬಾಯಿ ಕೊಟ್ಟ ಗಂಜಿಯನ್ನು ತಟ್ಟೆ ಖಾಲಿಯಾಗುವವರೆಗೆ ಕುಡಿದಳು.

ಅವಳು ಗುಣವಾದಳೆಂದು ಬರೆಯಲಾರೆ. ಹೆಸರುಗಳು ಹಿಂದೆ ಬರಲಿಲ್ಲ. ಸ್ನಾನಕ್ಕೆ ಗೋಡೆ ಹಿಡಿಯುವುದು ನಿಲ್ಲಲಿಲ್ಲ. ಬಂದದ್ದು ಹಸಿವು, ಮತ್ತು ಸ್ವಲ್ಪ ಮಾತು, ಹೆಚ್ಚಿನದು ಬೈಗುಳ. ನಾನು ಅವಳ ಮಾತನ್ನು ತಿದ್ದುವುದನ್ನು ಬಿಟ್ಟೆ. ಇಷ್ಟು ಕಾಲ ನಿಜವೆಂಬುದನ್ನು ಎಲ್ಲರ ಮುಖಕ್ಕೂ ಹಿಡಿಯುತ್ತಿದ್ದವನಿಗೆ ಇದು ಬೀಡಿ ಕಟ್ಟುವುದಕ್ಕಿಂತ ಕಷ್ಟದ ವಿದ್ಯೆ. ತಂಗಿಯ ಬಗ್ಗೆ ಕೇಳಿದಾಗ ನಾನೂ "ನಾಳೆ ಬರ್ತಾಳೆ" ಎಂದೆ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಶೈಲಳ ವಿಡಿಯೋ ಕರೆ ಬಂತು. ಆರೈಕೆ ಮನೆಯವರಿಗೆ ಉತ್ತರ ಹೇಳಬೇಕಾದ ದಿನ. ನಾನು ಜಗಲಿಯಲ್ಲೇ ಇದ್ದೆ. ಫೋನನ್ನು ಕಂಬಕ್ಕೆ ಒರಗಿಸಿಟ್ಟೆ. ಮೊದಲು ಹೇಳಬೇಕಾದದ್ದನ್ನು ಹೇಳಿದೆ. ಗೆಣ್ಣಿನ ಗಾಯ ಬಿದ್ದದ್ದಲ್ಲ, ನಾನು ಚಿಲಕ ಹಾಕಿದ್ದು ಎಂದೆ. ಗೇಟಿನ ಬೀಗ ಕೊರೋನಾಕ್ಕೆ ಹಾಕಿದ್ದಲ್ಲ ಎಂದೂ ಹೇಳಿದೆ. ಹೆಂಗಸರಿಬ್ಬರೂ ತಲೆಯೆತ್ತದೆ ಕತ್ತರಿ ಆಡಿಸುತ್ತಿದ್ದರು. ಶೈಲ ಬೈಯುವಳೆಂದು ಕಾದೆ. ಅವಳು ಕಣ್ಣು ಒರೆಸಿಕೊಂಡಳು.

ಅಷ್ಟರಲ್ಲಿ ವಾರಿಜ ನನ್ನ ತಡ್ಪೆಗೆ ಬಾಗಿ, ನನ್ನ ಕೈಯಿಂದ ಎಲೆಯನ್ನು ಕಿತ್ತುಕೊಂಡಳು. "ಹೀಗಲ್ಲ ಮಾರಾಯ. ಎಲೆಯ ನರ ಹೊರಗೆ ಬರ್ಬಾರ್ದು. ಎಷ್ಟು ಸಲ ಹೇಳುದು ನಿಂಗೆ?" ಎಂದಳು. ಗಂಡನನ್ನು ಅವಳು ಎಂದೂ ಏಕವಚನದಲ್ಲಿ ಕರೆದವಳಲ್ಲ. ಎಲೆಯನ್ನು ತಿರುಗಿಸಿ ನನ್ನ ಬೆರಳುಗಳ ನಡುವೆ ಇಟ್ಟು, ಮೇಲಿಂದ ತನ್ನ ಬೆರಳುಗಳನ್ನು ಒತ್ತಿ ಹಿಡಿದಳು. ಗೆಣ್ಣುಗಳ ಮೇಲೆ ಹೊಸ ಚರ್ಮ ಬಂದಿತ್ತು.

"ಅಪ್ಪ, ಅಮ್ಮನಿಗೆ ನಿಮ್ಮ ಗುರುತು ಸಿಗ್ತದಾ?" ಎಂದು ಶೈಲ ಮೆಲ್ಲಗೆ ಕೇಳಿದಳು.

"ಇಲ್ಲ. ಹೊಸದಾಗಿ ಬಂದ ಕೆಲಸದವನು ಅಂತ ಎಣಿಸಿದ್ದಾಳೆ. ಕೈ ಬಿಡ್ತಾ ಇಲ್ಲ."

ಶೈಲ ಬಹಳ ಹೊತ್ತು ಆ ಕೈಗಳನ್ನು ನೋಡಿದಳು. ಆಮೇಲೆ, "ಸರಿ, ಅವರಿಗೆ ಫೋನ್ ಮಾಡಿ ಬೇಡ ಅಂತ ಹೇಳ್ತೇನೆ" ಎಂದಳು. ವಾರಿಜ ಮತ್ತೊಂದು ಎಲೆ ತೆಗೆದು ನನ್ನ ಮುಂದೆ ಹಿಡಿದಳು.